ಮುಚ್ಚಳದಡಿ ಉಳಿದದ್ದು

ಜೂನ್ ಮುಗಿಯುವ ಹೊತ್ತಿಗೆ ನನ್ನ ಅಂಗಡಿಯ ಮುಂದೆ
ಬಸ್ ಸ್ಟಾಪಿಗಿಂತ ಉದ್ದ ಸಾಲು.
ಮಲ್ಲೇಶ್ವರ, ಹದಿನೆಂಟನೇ ಕ್ರಾಸು,
ಎಂಟಡಿಗೆ ಆರಡಿ, ಒಂದು ಮಿಷನ್ನು, ಒಂದು ಸ್ಟೂಲು,
ಗೋಡೆಗೆ ನಾನೇ ಬರೆದ ಬೋರ್ಡು:
ಚಿಲ್ಲರೆ ಕೊಡಿ. ಸ್ಟೇಪ್ಲರ್ ಕೇಳಬೇಡಿ.

ಎಲ್ಲರ ಗುಟ್ಟೂ ನನ್ನ ಗಾಜಿನ ಮೇಲೆ ಬೋರಲು ಮಲಗುತ್ತದೆ.
ಯಾರಪ್ಪನ ವರಮಾನ ಎಷ್ಟು, ಯಾರದು ಯಾವ ಪ್ರವರ್ಗ,
ಯಾರು ಹತ್ತರವರೆಗೆ ಕನ್ನಡದಲ್ಲಿ ಓದಿದವರು,
ಯಾರ ಫಿಸಿಕ್ಸು ಮೂವತ್ತೈದಕ್ಕೆ ತೇಲಿ ದಡ ಸೇರಿತು.
ಹಸಿರು ಬೆಳಕೊಂದು ಹರಿದು ಹೋಗುತ್ತದೆ, ಅಷ್ಟೇ.
ಓದುವುದಿಲ್ಲ ಅಂತ ಸುಳ್ಳು ಹೇಳಲಾರೆ. ಓದಿ, ಮರೆಯುತ್ತೇನೆ.
ಮರೆಯುವುದೂ ಸೇರಿಯೇ ಪುಟಕ್ಕೆ ಎರಡು ರೂಪಾಯಿ.

ಸಾಲಿನಲ್ಲಿ ಮಾತು ಒಂದೇ:
ಕಂಪ್ಯೂಟರ್ ಸೈನ್ಸು ಸಿಗುತ್ತಾ, ಹೋದ ವರ್ಷ ಎಲ್ಲಿಗೆ ನಿಂತಿತ್ತು,
ಮೊದಲ ಆಪ್ಷನ್ನು ಯಾವುದು ಹಾಕ್ತೀರಿ.
ಮಕ್ಕಳು ಸುಮ್ಮನಿರುತ್ತಾರೆ. ಮಾತಾಡುವವರು ಭಾವ, ಸೋದರಮಾವ,
ಜೊತೆಗೆ ಬಂದ ಟ್ಯೂಷನ್ ಮೇಷ್ಟ್ರು.
ಒಬ್ಬರು ಷರಟಿನ ಜೇಬಿಂದ ತೆಗೆದು ಹರಡಿದ ಹಾಳೆಯಲ್ಲಿ
ತೊಂಬತ್ತೆರಡು ಕಾಲೇಜು, ಕೆಂಪು ಇಂಕಿನಲ್ಲಿ, ಅನುಕ್ರಮವಾಗಿ.
ಇದರಲ್ಲಿ ಮಗ ಬರೆದದ್ದು ಯಾವುದು ಅಂದೆ.
ಅವನ ಅಕ್ಷರ ಚೆನ್ನಾಗಿಲ್ಲ ಅಂದರು.

ಮಂಗಳವಾರ ಹತ್ತೂವರೆಗೆ ಕರೆಂಟು ಹೋಯಿತು.
ಅದೇ ಹೊತ್ತಿಗೆ ಒಳಗಿಂದ ಟೋಕನ್ ಕೂಗಿದರು,
ಅರ್ಧ ಸಾಲು ರಸ್ತೆ ದಾಟಿ ಓಡಿತು.
ಕರೆಂಟು ಬಂದ ಮೇಲೆ ಮುಚ್ಚಳ ಎತ್ತಿದರೆ
ಕೆಳಗೆ ಒಂದು ಪಿಯು ಅಂಕಪಟ್ಟಿ.
ಮೂಲಪ್ರತಿ. ಸೀಲು, ನೀರಚ್ಚು, ಮೂಲೆಯಲ್ಲಿ ಮಿನುಗುವ ಚೌಕ.
ಇಂಚರ ಡಿ. ಎಂ. ಗಣಿತ ತೊಂಬತ್ತೇಳು, ಕನ್ನಡ ನೂರು.

ನೆನಪಾದಳು. ಇಂಗ್ಲಿಷಿನಲ್ಲಿ ಹೆಸರಿಗೆ ಒಂದು ‘ಎ’ ಹೆಚ್ಚಿದೆ,
ಆಧಾರಿನಲ್ಲಿ ಒಂದು ಕಡಿಮೆ,
ನಡೆಯುತ್ತಾ ಆಂಟಿ, ಅಂತ ಕೇಳಿದ್ದಳು,
ನಾನೇ ಸರ್ಕಾರ ಅನ್ನುವ ಹಾಗೆ.
ನಡೆಯುತ್ತಮ್ಮ, ಅಂದಿದ್ದೆ. ನನಗೇನು ಗೊತ್ತು?

ಕಸದ ಬುಟ್ಟಿಯಲ್ಲಿ ಅವಳ ಅರ್ಜಿಯ ಮಸುಕಾದ ಪ್ರತಿ ಇತ್ತು,
ಅದರಲ್ಲಿ ಒಂದು ನಂಬರು. ಎತ್ತಿದ್ದು ಗಂಡಸು:
ಮೆಟ್ರೋ ಸುರಂಗಕ್ಕೆ ಇಳೀತಿದ್ದೀನಿ, ಸಿಗ್ನಲ್ ಹೋಗುತ್ತೆ,
ಮೇಲೆ ಬಂದು ಮಾಡ್ತೀನಿ ಮೇಡಂ.
ಹೋಯಿತು.

ಶಟರ್ ಅರ್ಧ ಎಳೆದೆ. ಉಳಿದ ಸಾಲು ಬೈಯಿತು.
ಹದಿನಾರು ವರ್ಷ ಆ ಕಟ್ಟಡದ ಎದುರು ಕೂತಿದ್ದೇನೆ,
ಒಳಗೆ ಕಾಲಿಟ್ಟದ್ದು ಅವತ್ತೇ.
ಗೇಟಿನವನು ಕೇಳಿದ: ಅಭ್ಯರ್ಥಿ ಎಲ್ಲಿ?
ಇಲ್ಲಿದ್ದಾಳೆ ನೋಡಪ್ಪ, ಅಂತ ಕಾಗದ ತೋರಿಸಿದೆ.
ನಗಲಿಲ್ಲ. ಬಿಟ್ಟ.

ಒಂಬತ್ತನೇ ಕೌಂಟರು. ಅವಳು ನಿಂತಿದ್ದಳು,
ಪ್ಲಾಸ್ಟಿಕ್ ಕವರನ್ನು ಮೂರನೇ ಸಲ ಬರಿದು ಮಾಡುತ್ತ.
ಒರಿಜಿನಲ್ ಎಲ್ಲಮ್ಮ, ಅಂದರು ಕನ್ನಡಕದವರು.
ಹುಡುಕುವಷ್ಟು ಹೊತ್ತು ಮಾತಿಗಿರಲಿ ಅಂತಲೋ ಏನೋ,
ಯಾವ ಬ್ರಾಂಚು ಅಂದರು. ಸಿವಿಲ್ ಅಂದಳು.
ಈ ರ‍್ಯಾಂಕಿಗೆ ಕಂಪ್ಯೂಟರೇ ಸಿಗುತ್ತಲ್ಲ, ಯಾಕೆ?

ಅಪ್ಪ ಸುರಂಗದಲ್ಲಿ ನೀರೆತ್ತೋ ಪಂಪ್ ನೋಡ್ಕೋತಾರೆ ಸರ್.
ಒಂದು ಕಡೆ ಮಾತ್ರ ಗೋಡೆ ಬೇಸಿಗೇಲೂ ಒಸರುತ್ತಂತೆ.
ಯಾಕೆ ಅಂತ ಕೇಳಿದ್ರೆ, ನಿನ್ನ ಕೆಲಸ ನೋಡ್ಕೋ ಅಂತಾರಂತೆ.
ಓದಿ ಹೇಳ್ತೀನಿ ಅಂದಿದ್ದೀನಿ.

ಅವರಿಗೆ ಕೇಳಿಸಿತೋ ಇಲ್ಲವೋ,
ಸರ್ವರ್ ಡೌನು ಅಂತ ಆ ಕಡೆ ತಿರುಗಿ ಕೂಗುತ್ತಿದ್ದರು.
ನಾನು ಹಿಂದಿನಿಂದ ಕೈ ಚಾಚಿದೆ.
ಅವಳು ತಿರುಗಿ ನೋಡದೆ ತೆಗೆದುಕೊಂಡಳು,
ಮಿಷನ್ನಿನಿಂದ ಬಿಸಿ ಹಾಳೆ ತೆಗೆದುಕೊಂಡ ಹಾಗೆ.

ಮರಳಿದರೆ ಸಾಲು ಮೂಲೆಯಂಗಡಿಗೆ ಹೋಗಿತ್ತು.
ಸ್ಟೂಲಿನ ಮೇಲೆ ಯಾರೋ ಆರು ರೂಪಾಯಿ ಇಟ್ಟಿದ್ದರು,
ಸ್ಟೇಪ್ಲರ್ ಕಾಣೆ.

ರಾತ್ರಿ ಒಂಬತ್ತು ದಾಟಿತ್ತು, ಅನ್ನಕ್ಕೆ ಇಟ್ಟಿದ್ದೆ, ಫೋನು:
ಮೇಡಂ, ಬೆಳಿಗ್ಗೆ ಮಾಡಿದ್ರಲ್ಲ, ಏನು ವಿಷಯ?
ಏನಿಲ್ಲ ಬಿಡಿ, ಸಿಕ್ಕಿತು, ಅಂದೆ.
ಅವರ ಹಿಂದೆ ಪಂಪು ಗುಡುಗುಡು ಅನ್ನುತ್ತಿತ್ತು.
ಏನು ಮೇಡಂ? ಕೇಳಿಸ್ತಿಲ್ಲ.
ಸಿಕ್ಕಿತು, ಅಂದೆ ಜೋರಾಗಿ.
ಆಚೆ ಪಂಪು ಆರಿತು.
ಸೀಟಾ?